ಅತ್ತೆ ಗಂಗೆಗಿಳಿಯದ ದಿನಗಳು

ನನ್ನ ಸೋದರತ್ತೆ ಕಾಶಿಗೆ ಬಂದದ್ದು ಸಾಯುವುದಕ್ಕೆ. ನಾನು ಒರಟಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಅವರೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದರು, ತರಕಾರಿಯವನ ಹತ್ತಿರವೂ. ಗಂಡ ತೀರಿಕೊಂಡ ಮೇಲೆ ತುಮಕೂರು ಕಡೆಯ ಊರಿನಲ್ಲಿದ್ದ ಪಾತ್ರೆಪಡಗ ಎಲ್ಲ ಹಂಚಿ, ಒಂದು ಗಂಟು ಸೀರೆ ಹಿಡಿದು ಬಂದವರು ಅಸ್ಸಿಘಾಟಿನ ಗಲ್ಲಿಯೊಂದರಲ್ಲಿ ಕೋಣೆ ಹಿಡಿದರು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ನನ್ನ ಮನೆ ಅಲ್ಲೇ ಎರಡು ಗಲ್ಲಿ ಆಚೆ. ನಮ್ಮ ಜೊತೆಗೇ ಇರಿ ಎಂದರೆ, ಸಂಸಾರದ ನಡುವೆ ಕೂತರೆ ಜೀವ ಬಿಡೋಕೆ ಮನಸ್ಸು ಬರೋಲ್ಲ ಎಂದುಬಿಟ್ಟರು.

ದಿನಾ ಬೆಳಕು ಹರಿಯುವ ಮೊದಲೇ ಗಂಗೆಯಲ್ಲಿ ಮೂರು ಮುಳುಗು. ಮೇಲೆ ಬಂದು ಸೆರಗು ಹಿಂಡುತ್ತ ತಪ್ಪದೆ ಒಂದೇ ಮಾತು: “ಇನ್ನು ಇವತ್ತು ಹೋದ್ರೂ ಚಿಂತೆಯಿಲ್ಲ.” ಕೊನೆಯ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲವಲ್ಲ, ಹಾಗಾಗಿ ಗಂಗೆಯಲ್ಲಿ ಮುಳುಗದ ದಿನ ಅಂತ ಒಂದೂ ಇರಕೂಡದು. ಅಂಥ ದಿನವೇ ಪ್ರಾಣ ಹೋಗಿಬಿಟ್ಟರೆ ಇಷ್ಟು ದೂರ ಬಂದದ್ದೆಲ್ಲ ದಂಡ. ಸಾವಿಗೆ ಹೆದರದ ಹೆಂಗಸಿಗೆ ಇದೊಂದೇ ಭಯ.

ಅಂಥವರ ಎಡಭುಜದ ಹಿಂದೆ ಒಂದು ಗಂಟಿತ್ತು. ರವಿಕೆ ಉಜ್ಜಿ ಉಜ್ಜಿ ಅದರಿಂದ ರಕ್ತ ಬರತೊಡಗಿದಾಗ ನಾನು ಬೈದು ಆಟೋ ಹತ್ತಿಸಿದೆ. ನಮಗೆ ಪರಿಚಯದ ಚರ್ಮದ ಡಾಕ್ಟರು ಹುಬ್ಬಳ್ಳಿ ಕಡೆಯ ಹೆಣ್ಣುಮಗಳು. ಸುಡೋ ಮೈಗೆ ಹೊಲಿಗೆ ಯಾಕೆ ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಡಾಕ್ಟರು ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟು, ಗಂಟು ತೆಗೆದು, ಹೊಲಿಗೆ ಹಾಕಿದರು. ಆಮೇಲೆ ಪರೀಕ್ಷೆಯಲ್ಲೂ ಭಯಪಡುವಂಥದ್ದೇನಿಲ್ಲ ಅಂತಲೇ ಬಂತು. ಆದರೆ ಅವತ್ತೇ ಡಾಕ್ಟರು, ಗಾಯ ಪೂರ್ತಿ ಕೂಡುವವರೆಗೆ ನದಿಗೆ ಇಳಿಯಕೂಡದು, ಪಟ್ಟಿಗೆ ನೀರು ತಾಕಕೂಡದು ಎಂದಾಗ ಅತ್ತೆಯ ಮುಖ ಬಿಳಿಚಿಕೊಂಡಿತು.

ಆಶ್ಚರ್ಯವೆಂದರೆ, ಹಟ ಮಾಡಲಿಲ್ಲ. ಹೊಳೆಯ ಕಡೆಗೆ ತಲೆಯನ್ನೂ ಹಾಕಲಿಲ್ಲ. ಅಷ್ಟು ಸುಲಭಕ್ಕೆ ಮಾತು ಕೇಳುವವರೇ ಅಲ್ಲ, ನನಗಾಗಲೇ ಅನುಮಾನ ಬರಬೇಕಿತ್ತು. ಒಂದು ಬೆಳಿಗ್ಗೆ ಹತ್ತಿರ ಕೂತಾಗ ಏನೋ ಕೆಟ್ಟ ವಾಸನೆ ಬಡಿಯಿತು. ಪಟ್ಟಿ ಮುಟ್ಟಿದರೆ ತೊಪ್ಪೆ. ಬಿಚ್ಚಿದರೆ ಹೊಲಿಗೆ ಕಿತ್ತು ಗಾಯ ಬಾಯಿ ಬಿಟ್ಟಿದೆ, ಒಳಗೆ ಕೀವು. ಬೀಟ್‌ರೂಟ್ ಹೆಚ್ಚಿದರೇ ತಲೆ ತಿರುಗುವವಳು ನಾನು, ಗೋಡೆ ಹಿಡಿದು ಕೂತೆ.

ಅತ್ತೆ ಏನೂ ಮುಚ್ಚಿಡಲಿಲ್ಲ. ದೇವರ ಮುಂದಿದ್ದ ತಾಮ್ರದ ಗಿಂಡಿ ತೋರಿಸಿದರು. ಪಕ್ಕದ ಕೋಣೆಯಾಕೆ ದಿನಾ ಅದರಲ್ಲಿ ಗಂಗೆ ತುಂಬಿ ತರುತ್ತಿದ್ದಳಂತೆ. ಮೂರು ಮುಳುಗಿನ ಬದಲು ಪೂಜೆಯ ಉದ್ಧರಣೆ ಚಮಚದಲ್ಲಿ ಮೂರು ಸಲ, ಭುಜದ ಮೇಲಿಂದ ಹಿಂದಕ್ಕೆ, ನೇರ ಪಟ್ಟಿಯ ಮೇಲೆ.

“ನೀರು ತಾಕಬಾರದು ಅಂದಿದ್ರಲ್ಲ ಅತ್ತೆ!”

“ನಾನು ನೀರು ಹಾಕಿಲ್ಲ ಕಣೇ. ಗಂಗೆ ಹಾಕಿದೀನಿ.”

ಹಾಕಿಕೊಳ್ಳುವುದಾದರೆ ತಲೆಗೆ ಹಾಕಿಕೊಳ್ಳಬಾರದಿತ್ತೇ ಎಂದು ನಾನು ಕೂಗಾಡಿದೆ. ಕೆಟ್ಟ ಜಾಗಕ್ಕೇ ತಾನೇ ಗಂಗಮ್ಮ ಬೇಕಾದದ್ದು ಎಂದರು. ಆ ಮುಖದಲ್ಲಿ ಕಪಟ ಎಳ್ಳಷ್ಟೂ ಇರಲಿಲ್ಲ. ಇಂಥವರ ಮೇಲೆ ಹೇಗೆ ಸಿಟ್ಟು ಮಾಡುವುದು? ಆದರೂ ಮಾಡಿದೆ.

ಡಾಕ್ಟರು ಬೈಯಲಿಲ್ಲ. ಕೀವು ತೆಗೆದು, ಮಾತ್ರೆ ಬರೆದುಕೊಟ್ಟು, ಗಿಂಡಿಯ ಗಂಗೆಯೂ ಬೇಡ, ಇನ್ನು ಮತ್ತೆ ಹೊಲಿಯುವಂತಿಲ್ಲ, ಗಾಯ ತಳದಿಂದ ತಾನೇ ತುಂಬಿಕೊಂಡು ಬರಬೇಕು ಎಂದರು. ದಿನಾ ಪಟ್ಟಿ ಬದಲಿಸುವ ಕೆಲಸ ನನ್ನ ತಲೆಗೆ ಬಂತು. ಎಷ್ಟು ದಿನ ಬೇಕು ಎಂದು ಕೇಳಿದ್ದಕ್ಕೆ ವಯಸ್ಸಾಗಿದೆ, ನೋಡೋಣ ಎಂದರು. ಅವತ್ತು ರಾತ್ರಿಯಿಂದ ಅತ್ತೆಗೆ ನಿದ್ದೆಯೇ ಇಲ್ಲವಾಯಿತು. ಕಣ್ಣು ಮುಚ್ಚಿದರೆ ಗಂಗೆ ಸೋಕದೆ ಹಾಗೇ ಹೊರಟುಹೋಗುತ್ತೇನೇನೋ ಎಂದು ಕೂತೇ ಇರುತ್ತಿದ್ದರಂತೆ. ಅದನ್ನು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಕ್ಲಾಸಿಗೆ ಹೋಗುವ ಮುಂಚೆ ಸೋಪಿನಲ್ಲಿ ಕೈ ತೊಳೆದು ಕೂರುತ್ತಿದ್ದೆ. ಪಟ್ಟಿಯ ಹಳೇ ಬಟ್ಟೆ ಅಂಟಿಕೊಂಡಿದ್ದರೆ ಎಳೆಯಬಾರದು, ಸಲೈನ್ ಹಾಕಿ ನೆನೆಸಿ ಬಿಡಿಸಬೇಕು. ಅಂಗಡಿಯಿಂದ ಬಂದ ನೀರಾದರೆ ಆಗುತ್ತೆ, ಗಂಗೆಯಾದರೆ ಆಗಲ್ವಾ ಎಂದು ಅತ್ತೆ ಮೂದಲಿಸುತ್ತಿದ್ದರು. ಮೊದಮೊದಲು ನಾನು ಅರೆಗಣ್ಣಿನಲ್ಲೇ ಒರೆಸಿ, ಮುಲಾಮು ಸವರಿ, ಹೊಸ ಬಟ್ಟೆ ಇಟ್ಟು ಟೇಪು ಹಚ್ಚಿ ಎದ್ದುಬಿಡುತ್ತಿದ್ದೆ. ಹುಣಸೆಬೀಜ ಕೂರುವಷ್ಟು ಗುಂಡಿ. ನೋಡಲಾಗುತ್ತಿರಲಿಲ್ಲ.

ಒಂದು ದಿನ ಪೂರ್ತಿ ಕಣ್ಣು ಬಿಟ್ಟು ನೋಡಿದೆ. ತಳದಲ್ಲಿ ಕೆಂಪಗೆ, ಕಾಳುಕಾಳಾಗಿ, ಹಸಿ ಮಾಂಸ ಏಳುತ್ತಿತ್ತು. ಮಾರನೆಯ ದಿನ ಇನ್ನಷ್ಟು ಮೇಲೆ ಬಂದಿತ್ತು. ಆಮೇಲೆ ಅಂಚಿನಿಂದ ತೆಳ್ಳನೆಯ ಚರ್ಮ ಒಳಕ್ಕೆ ಹರಿದುಬರತೊಡಗಿತು, ಎಲ್ಲ ಕಡೆಯಿಂದಲೂ ನಡುವಿಗೆ. ಅಬ್ಬಾ! ಇದನ್ನು ಮಾಡುತ್ತಿರುವವರು ಯಾರು? ನಾನಲ್ಲ, ನಾನು ಬರೀ ಬಟ್ಟೆ ಬದಲಿಸುವವಳು. ಅತ್ತೆಯಂತೂ ಅಲ್ಲ, ಅವರು ಹೋಗುವ ತಯಾರಿಯಲ್ಲಿ ಕೂತವರು. ಸುತ್ತಲಿನ ಚರ್ಮವೆಲ್ಲ ಸುಕ್ಕುಗಟ್ಟಿ ಕಂದಿದೆ, ನಡುವೆ ಹುಟ್ಟುತ್ತಿರುವುದು ಮಾತ್ರ ಎಳೆಗೂಸಿನ ಅಂಗಾಲಿನ ಬಣ್ಣ. ಪಟ್ಟಿ ಹಾಕುವುದನ್ನೂ ಮರೆತು ಕೂತುಬಿಡುತ್ತಿದ್ದೆ. ಕೆಲಸಕ್ಕೆ ಹೋದರೂ ಅದೇ ಧ್ಯಾನ, ಯಾವಾಗ ನಾಳೆ ಆದೀತು, ನೋಡಿಯೇನು ಎಂದು.

ಅತ್ತೆಗೆ ಬೆನ್ನು ಕಾಣುವುದಿಲ್ಲವಲ್ಲ, ಮೊಬೈಲಿನಲ್ಲಿ ಫೋಟೋ ತೆಗೆದು ತೋರಿಸತೊಡಗಿದೆ. ಮೊದಲು ಬೇಡ ಅಂದರು. ಆಮೇಲೆ ನಾನು ಬರುವುದರೊಳಗೆ ಕನ್ನಡಕ ಹಾಕಿಕೊಂಡು ಕಾಯುತ್ತಿದ್ದರು. ಒಂದು ಬೆಳಿಗ್ಗೆ ಗಲ್ಲಿಯಲ್ಲಿ ‘ರಾಮ್ ನಾಮ್ ಸತ್ಯ ಹೈ’ ಎನ್ನುತ್ತ ಹೆಣ ಹೋಯಿತು. ಅತ್ತೆ ಅಭ್ಯಾಸದಂತೆ ಕೈ ಮುಗಿದರು, ಮುಗಿದ ಕೈಯನ್ನೇ ಮೊಬೈಲಿಗೆ ಚಾಚಿದರು. ಹಿಂದಿನ ದಿನದ ಫೋಟೋ, ಅವತ್ತಿನ ಫೋಟೋ, ಎರಡನ್ನೂ ಹಿಂದಕ್ಕೂ ಮುಂದಕ್ಕೂ ಸರಿಸಿ ಬಹಳ ಹೊತ್ತು ನೋಡಿದರು.

“ನಾನು ಹೋಗೋಕೆ ಅಂತ ಬಂದಿರೋದು,” ಎಂದರು ಮೆಲ್ಲಗೆ. “ಇದಕ್ಕೆ ಯಾರೂ ಹೇಳೇ ಇಲ್ವೇನೇ?”

ನನ್ನ ಕಣ್ಣು ತುಂಬಿ ಬಂತು. ಟೇಪು ಕತ್ತರಿಸುತ್ತ ಕೂತೆ.

ಕಾರ್ತಿಕ ಮುಗಿಯುವ ಹೊತ್ತಿಗೆ ಗಾಯ ಕೂಡಿತು. ಡಾಕ್ಟರು ಬೆರಳಿನಿಂದ ಒತ್ತಿ ನೋಡಿ, ಇನ್ನು ನದಿಗೆ ಇಳೀರಿ ಅಜ್ಜಿ ಎಂದರು. ಮರುದಿನ ಇನ್ನೂ ಕತ್ತಲಿರುವಾಗಲೇ ಅತ್ತೆಯ ಕೈ ಹಿಡಿದು ಘಾಟಿನ ಮೆಟ್ಟಿಲಿಳಿದೆ. ದೋಣಿಗಳ ಮೇಲೆಲ್ಲ ಮಂಜು, ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಸೊಂಟದುದ್ದ ನೀರಿನಲ್ಲಿ ನಿಂತು ಅತ್ತೆ ಒಂದು ಸಲ ಮುಳುಗಿದರು. ಎರಡು. ಮೂರನೆಯ ಸಲ ಮೇಲೆದ್ದಾಗ ಮುಖದ ಮೇಲೆ ನೀರೋ ಅಳುವೋ ತಿಳಿಯಲಿಲ್ಲ. ಇಷ್ಟು ದಿನ ನಿದ್ದೆಗೆಟ್ಟು ಕಾದದ್ದು ಇದಕ್ಕೇ. ಇನ್ನು ಸೆರಗು ಹಿಂಡುತ್ತ ಹೇಳುವ ಆ ಮಾತು ಬರುತ್ತದೆ ಎಂದು ನಾನು ಟವೆಲ್ ಹಿಡಿದು ನಿಂತಿದ್ದೆ.

ಅತ್ತೆ ಮೆಟ್ಟಿಲ ಮೇಲೆ ಕೂತರು. ಬಲಗೈಯನ್ನು ಎಡಭುಜದ ಹಿಂದಕ್ಕೆ ಕಷ್ಟಪಟ್ಟು ಒಯ್ದು ಆ ಜಾಗ ಮುಟ್ಟಿದರು, ಅಂಗೈಯಲ್ಲಿ ಮುಚ್ಚಿಕೊಂಡರು.

“ನಾಳೆಯಿಂದ ಸ್ವಲ್ಪ ಬಿಸಿಲು ಬಂದ್ಮೇಲೆ ಬರೋಣ ಕಣೇ,” ಎಂದರು. “ಪಾಪ, ಹೊಸಾದು. ಅದಕ್ಕೆ ಚಳಿ ಆಗುತ್ತೆ.”