ಸಂಘದ ಟಂಟಂ ಹೊಡೆದ ಕಾಕೂ

ಮೊನ್ನೆ ಗೋಕಾಕ ಬಸ್ ನಿಲ್ದಾಣದ ಹೊರಗೆ ಒಂದು ಟಂಟಂ, ಮೂರು ಗಾಲಿಯ ಬಾಡಿಗೆ ಗಾಡಿ, ನಿಂತಿತ್ತು. ಸೀಟಿನ ಮೇಲೆ ಮೆಂತೆಸೊಪ್ಪಿನ ಸಿವುಡುಗಳು, ಕೆಳಗೆ ಡೀಸೆಲ್ ಸೋರಿದ ಕಲೆ. ಹಸಿ ಮೆಂತೆಯೂ ಡೀಸೆಲ್ಲೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಘೋಡಗೇರಿಯ ಬಾಜೂಮನೆ ಕಾಕೂ ನೆನಪಾದರು...

ಆಗ ನಾನು ಘೋಡಗೇರಿಯ ಶಾಲೆಯಲ್ಲಿ ಟೀಚರ್. ನನ್ನ ಬಾಡಿಗೆ ಕೋಣೆಯ ಗೋಡೆಗೆ ಅಂಟಿಕೊಂಡೇ ಅವರ ಮನೆ; ಚಿಕ್ಕಮ್ಮ ಅನ್ನುವಂತೆ ನಾನು ಕಾಕೂ ಅನ್ನುತ್ತಿದ್ದೆ. ವಯಸ್ಸು ಐವತ್ತರ ಹತ್ತಿರ. ಕಬ್ಬಿನ ಕಳೆ ತೆಗೆಯುವುದು, ಅರಿಸಿನ ಕೀಳುವುದು ಅವರ ದುಡಿಮೆ. ಅವರಂಥ ಹನ್ನೆರಡು ಕೂಲಿ ಹೆಂಗಸರು ಸೇರಿ ಒಂದು ಸ್ವಸಹಾಯ ಸಂಘ ಕಟ್ಟಿಕೊಂಡಿದ್ದರು. ವಾರಕ್ಕೊಮ್ಮೆ ಕಾಕೂ ಕಟ್ಟೆಯ ಮೇಲೆ ಸಭೆ. ಉಳಿತಾಯದ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಸೊಸೆಯಂದಿರ ಮಾತು ಮುಗಿಯುತ್ತಲೇ ಇರಲಿಲ್ಲ. ಕಾಗದಪತ್ರ ಓದಿ ಹೇಳುವ ಕೆಲಸ ನನ್ನದು.

ಇವರನ್ನು ದೂರದ ಹೊಲಗಳಿಗೆ ಒಯ್ಯುತ್ತಿದ್ದವನು ಕೂಲಿಯಾಳು ಒದಗಿಸುವ ಒಬ್ಬ ಮುಕಾದಮ. ಹೊಲದವರು ಕೂಲಿಯನ್ನು ಅವನ ಕೈಗೇ ಕೊಡುತ್ತಿದ್ದರು. ಗಾಡಿ ಖರ್ಚೆಂದು ತನಗೆ ತೋಚಿದಷ್ಟು ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಯಾಕೆ ಎಂದು ಕೇಳಿದವರಿಗೆ ಮರುದಿನ ಗಾಡಿಯಲ್ಲಿ ಜಾಗವಿರುತ್ತಿರಲಿಲ್ಲ. ಒಂದು ಬೆಳಿಗ್ಗೆ, ಹಾಗೆ ಕೇಳಿದ್ದ ಸಂಘದ ಮುದುಕಿಯೊಬ್ಬಳನ್ನು ಊರಬಾಗಿಲ ಅಗಸಿಯಲ್ಲೇ ಬಿಟ್ಟು ಹೊರಟ. ಕಾಕೂ ಗಾಡಿ ನಿಲ್ಲಿಸಲು ಹೇಳಿ ಇಳಿದರು. ಅವರ ಹಿಂದೆ ಉಳಿದ ಹತ್ತು ಮಂದಿಯೂ ಇಳಿದರು.

"ನಾಳಿಂದ ಬರಬ್ಯಾಡ್ರಿ ಹಂಗಾರ," ಎಂದ ಮುಕಾದಮ.

"ಬರೂದಿಲ್ಲ," ಎಂದರು ಕಾಕೂ.

ಹೇಳುವುದೇನೋ ಹೇಳಿಬಿಟ್ಟರು. ಆ ತಿಂಗಳು ಹನ್ನೆರಡೂ ಮನೆಗಳಲ್ಲಿ ಸಾರು ತೆಳ್ಳಗಾಯಿತು. ನಡೆದು ಹೋಗುವಷ್ಟು ಹತ್ತಿರದಲ್ಲಿ ಅಷ್ಟು ಜನಕ್ಕೆ ಕೆಲಸವಿರಲಿಲ್ಲ. ಕೊನೆಗೆ ನಮ್ಮದೇ ಗಾಡಿ ಬೇಕು ಎಂದು ಸಂಘ ಬ್ಯಾಂಕಿಗೆ ಹೋಯಿತು. ಹಳೆಯ ಸಾಲ ಸರಿಯಾಗಿ ತೀರಿಸಿದ್ದರಿಂದ ಮ್ಯಾನೇಜರು ತಕರಾರು ಮಾಡಲಿಲ್ಲ. "ಗಾಡಿ ಹೊಡಿಯವ್ರು ಯಾರು?" ಎಂದಷ್ಟೇ ಕೇಳಿದರು.

ಡ್ರೈವರನನ್ನು ಇಟ್ಟರೆ ಇನ್ನೊಬ್ಬ ಮುಕಾದಮ ಹುಟ್ಟುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

"ನಾನ ಹೊಡೀತೇನ್ರಿ," ಎಂದರು ಕಾಕೂ. ಸೈಕಲ್ಲನ್ನೂ ಮುಟ್ಟಿದವರಲ್ಲ. ಹೊರಗೆ ಬಂದ ಮೇಲೆ ನನ್ನ ಕಿವಿಯಲ್ಲಿ, "ಟೀಚರ್, ಓಡಸೂದು ಹೆಂಗರ ಆಗತೈತಿ. ಅದನ್ನ ನಿಂದ್ರಸೂದು ಹೆಂಗ್ರಿ?" ಎಂದರು.

ಹಳೆಯ ಟಂಟಂ ಒಂದು ಬಂತು. ಕಲಿಸಲು ಯಮಕನಮರಡಿಯಿಂದ ಹಿರಿಯ ಡ್ರೈವರ್ ಚಾಚಾ ಬಂದರು. ಬ್ರೇಕ್ ಒತ್ತುವ ಮೊದಲು ಕಾಕೂ ಎತ್ತಿಗೆ ಅಂದಂತೆ "ಹೋ... ಹೋ..." ಅನ್ನುತ್ತಿದ್ದರು. "ತಂಗೀ, ಇದಕ್ಕ ಕಿವಿ ಇಲ್ಲವಾ. ಕಾಲು ಒತ್ತು," ಎಂದು ಚಾಚಾ ದಿನಾ ಹೇಳುವರು. ಧೈರ್ಯ ತುಂಬಲೆಂದು ಗಂಡ, ನಮ್ಮ ಕಾಕಾ, ಹಿಂದಿನ ಸೀಟಿನಲ್ಲಿ ಕೂತರು. ಮೊದಲ ತಿರುವಿನಲ್ಲೇ ಅವರು ಮೇವಿನ ಬಣವೆಯ ಮೇಲಿದ್ದರು. "ಬಿದ್ದೇನಿ ಅನಬ್ಯಾಡ್ರಿ, ಇಳದೇನಿ," ಎಂದು ರುಮಾಲಿನಿಂದ ಜೋಳದ ಕಣಿಕೆ ಹೆಕ್ಕಿದರು.

ಗೋಕಾಕದಲ್ಲಿ ಲೈಸೆನ್ಸ್ ಪರೀಕ್ಷೆ. ಗಾಡಿಯನ್ನು ಹಿಂದಕ್ಕೆ ಓಡಿಸಿ ತೋರಿಸಲು ಪರೀಕ್ಷೆಯ ಸಾಹೇಬರು ಹೇಳಿದಾಗ ಕಾಕೂ ತಲೆ ಹೊರಗೆ ಹಾಕಿ, "ಸಾಹೇಬ್ರ, ಹಿಂದ ಕಲ್ಲ ಗಿಲ್ಲ ಐತೇನು ನೋಡ್ರಿ ಒಂಚೂರು," ಎಂದರು. ಸಾಹೇಬರು ಯೋಚಿಸದೆ ಹಿಂದೆ ಹೋಗಿ "ಬರ್ಲಿ, ಬರ್ಲಿ" ಎಂದು ಕೈ ಆಡಿಸಿದರು. ಆಮೇಲೆ ತಾವೇನು ಮಾಡುತ್ತಿದ್ದೇವೆಂದು ಅರಿವಾಗಿ, "ಪರೀಕ್ಷಾ ನಿಮ್ದೋ ನಂದೋ?" ಎಂದರು. "ಇಬ್ರೂ ಪಾಸ್ ಆಗೂಣ್ರಿ," ಎಂದರು ಕಾಕೂ. ಸಾಹೇಬರು ನಕ್ಕರು, ನಕ್ಕು ಫೇಲ್ ಮಾಡಿದರು. ಮೂರನೆಯ ಸಲ ಕಾಕೂ ಯಾರನ್ನೂ ಏನೂ ಕೇಳದೆ ಪಾಸಾದರು.

ಅಂದಿನಿಂದ ಹೊಲದವರು ನೇರ ಕಾಕೂಗೇ ಫೋನ್ ಮಾಡತೊಡಗಿದರು. ಕೂಲಿ ಪೂರ್ತಿಯಾಗಿ, ಅವರವರ ಕೈಗೆ. ಗಾಡಿ ಎರಡು ಸರತಿ ಹೋಗಿ ಎಲ್ಲರನ್ನೂ ಮುಟ್ಟಿಸುತ್ತಿತ್ತು. ಅಗಸಿಯಲ್ಲಿ ಉಳಿದಿದ್ದ ಆ ಮುದುಕಿ ಮಗನನ್ನು ಕೇಳದೆ ತನ್ನ ದುಡ್ಡಿನಲ್ಲೇ ಕನ್ನಡಕ ಕೊಂಡಳು. "ಮಗನ ಮಾರಿ ಈಗ ಚಲೋ ಕಾಣತೈತಿ. ಅಷ್ಟೇನ ಚಂದ ಇಲ್ಲ," ಎಂದು ಸಭೆಗೆ ವರದಿ ಒಪ್ಪಿಸಿದಳು.

ಒಂದು ಶನಿವಾರ ನಾನೂ ಟಂಟಂನಲ್ಲಿದ್ದೆ. ದಾರಿಯಲ್ಲಿ ಮುಕಾದಮನ ಗಾಡಿ ಕೆಟ್ಟು ನಿಂತಿತ್ತು, ಅವನೊಬ್ಬನೇ ಬಿಸಿಲಲ್ಲಿ. ಎಲ್ಲರೂ ಕಾಕೂ ಬೆನ್ನನ್ನೇ ನೋಡಿದೆವು. ಗಾಡಿ ನಿಂತಿತು, "ಹೋ" ಅನ್ನದೆಯೇ. "ಬರ್ರಿ, ಜಾಗಾ ಐತಿ," ಎಂದರು. ಅವನು ಮೆಂತೆಸೊಪ್ಪಿನ ಬುಟ್ಟಿ, ಕಳೆ ತೆಗೆಯುವ ಕುರ್ಚಿಗಿಗಳ ನಡುವೆ ಮುದುಡಿ ಕೂತ. ಅಗಸಿಯಲ್ಲಿ ಇಳಿದು ಬಾಡಿಗೆ ಕೊಡದೆ ಹಾಗೇ ಹೊರಟವನಿಗೆ ಕಾಕೂ ಮೆತ್ತಗೆ ಹೇಳಿದರು:

"ನಾವು ಪಗಾರದಾಗ ಹಿಡ್ಕೊಳ್ಳೂದಿಲ್ರಿ. ಕೈಯಾಗ ಕೊಡ್ರಿ."

ಕೊಟ್ಟ. ಚಿಲ್ಲರೆಯನ್ನೂ ತಿರುಗಿ ಕೇಳಲಿಲ್ಲ.

ಆಮೇಲೆ ನನಗೆ ಮೂಡಲಗಿಗೆ ವರ್ಗವಾಯಿತು. ದೂರವೇನಲ್ಲ, ಭಾನುವಾರ ಶಾಲೆಗೆ ರಜೆಯೂ ಇತ್ತು. "ಐತವಾರ ಬರ್ರಿ, ನಾನ ಬಂದು ಕರ್ಕೊಂಡ ಹೋಗ್ತೇನಿ," ಎಂದು ಕಾಕೂ ಫೋನ್ ಮಾಡುತ್ತಿದ್ದರು. ನನಗೆ ಪರೀಕ್ಷೆ, ತರಬೇತಿ, ಜನಗಣತಿ... ಮುಂದಿನ ಐತವಾರ ಅನ್ನುತ್ತಲೇ ಇದ್ದೆ. ಒಂದು ಮಳೆಗಾಲದ ಜ್ವರ ಅವರನ್ನು ಒಯ್ದಿತು. ನನಗೆ ತಿಳಿದದ್ದು ಹತ್ತು ದಿನ ಕಳೆದ ಮೇಲೆ.

ಹೋದೆ. ಸಂಘದವರು ಅದೇ ಕಟ್ಟೆಯ ಮೇಲಿದ್ದರು. ಟಂಟಂ ಈಗ ಬೇರೊಬ್ಬಾಕೆ ಹೊಡೆಯುತ್ತಾಳಂತೆ. ಕನ್ನಡಕದ ಮುದುಕಿ ನನ್ನ ಕೈ ಹಿಡಿದು, "ಕೆಲಸ ಎಲ್ಲಾ ನಡದೈತ್ರಿ ಟೀಚರ್. ಖರೆ, ನಗೂದು ಕಡಿಮಿ ಆಗೈತಿ," ಎಂದಳು.

ಐತವಾರಗಳು ಈಗಲೂ ಬರುತ್ತವೆ. ನನಗೆ ಅಂದು ಕೆಲಸವೇನೂ ಇರುವುದಿಲ್ಲ.