ಮಳವಳ್ಳಿಯ ಮೇಲ್‌ಗಳು ಎಲ್ಲಿ ಹೋದವು

ನನಗೆ ಅನುಮಾನ ಹುಟ್ಟುಗುಣ. ಗುತ್ತಲು ಬಡಾವಣೆಯ ನಮ್ಮ ಮನೆಗೆ ಹಾಲು ಬಂದರೆ ಮೂಸಿ ನೋಡುತ್ತೇನೆ. ಬೆಲ್ಲ ತಂದರೆ ಮುರಿದು ನೋಡುತ್ತೇನೆ, ಬಣ್ಣ ತೀರಾ ಚೆನ್ನಾಗಿದ್ದರೆ ಅಂಗಡಿಗೇ ವಾಪಸ್ ಕಳಿಸುತ್ತೇನೆ. "ದೇವ್ರೇ ಬಂದು ಬಾಗ್ಲಲ್ಲಿ ನಿಂತ್ರೂ ಇವ್ಳು ಆಧಾರ್ ಕಾರ್ಡ್ ಕೇಳ್ತಾಳೆ ಕಣಮ್ಮ" ಎಂದು ನಮ್ಮತ್ತೆ ನೆಂಟರ ಮುಂದೆ ಹೇಳಿ ನಗುತ್ತಾರೆ. ನಗಲಿ. ಈ ಗುಣಕ್ಕೇ ಸಂಬಳ ಕೊಡುವ ಕೆಲಸ ನನಗೆ ಸಿಕ್ಕಿದೆ. ಮಂಡ್ಯದ ಒಂದು ಖಾಸಗಿ ವಿದ್ಯಾಸಂಸ್ಥೆಯಲ್ಲಿ ಕಂಪ್ಯೂಟರ್‌ಗಳನ್ನೂ ಇ-ಮೇಲ್ ಸರ್ವರನ್ನೂ ನೋಡಿಕೊಳ್ಳುವವಳು ನಾನು.

ಆ ಸರ್ವರಿನಲ್ಲಿ ನನಗಿಂತ ದೊಡ್ಡ ಅನುಮಾನದ ಪಿಶಾಚಿಯೊಂದು ಕೂತಿದೆ. ಸ್ಪ್ಯಾಮ್ ಫಿಲ್ಟರ್ ಅನ್ನುತ್ತಾರೆ. ಹೊರಗಿನಿಂದ ಬರುವ ಪ್ರತಿಯೊಂದು ಮೇಲನ್ನೂ ಬಾಗಿಲಲ್ಲೇ ತಡೆದು, ಎಲ್ಲಿಂದ ಬಂದೆ, ಯಾರು ಕಳಿಸಿದರು, ಒಳಗೇನಿದೆ ಎಂದು ವಿಚಾರಿಸಿ, ಅನುಮಾನ ಬಂದಷ್ಟಕ್ಕೆಲ್ಲ ಅಂಕ ಕೊಡುತ್ತಾ ಹೋಗುತ್ತದೆ. ಅಂಕ ಮಿತಿ ದಾಟಿದರೆ ಆ ಮೇಲನ್ನು ಒಳಗೂ ಬಿಡುವುದಿಲ್ಲ, ವಾಪಸೂ ಕಳಿಸುವುದಿಲ್ಲ, ಸುಮ್ಮನೆ ಪಕ್ಕಕ್ಕೆ ಕೂಡಿಹಾಕುತ್ತದೆ. ಕೂಡಿಹಾಕಿದ್ದರ ಪಟ್ಟಿ ದಿನಾ ಹೋಗುತ್ತದೆ, ಓದುವವರು ಕಮ್ಮಿ. ಕಳಿಸಿದವರು ಮುಟ್ಟಿತು ಅಂದುಕೊಂಡಿರುತ್ತಾರೆ. ಕಾಯುತ್ತಿದ್ದವರು ಕಳಿಸಲೇ ಇಲ್ಲ ಅಂದುಕೊಳ್ಳುತ್ತಾರೆ.

ನಮ್ಮ ಸಂಸ್ಥೆಗೆ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಶಾಖೆ. ಪರೀಕ್ಷೆಯ ಕಾಲಕ್ಕೆ ಎರಡೂ ಕಡೆಯವರು ತಮ್ಮ ವಿದ್ಯಾರ್ಥಿಗಳ ಆಂತರಿಕ ಅಂಕಗಳನ್ನು ಮಂಡ್ಯದ ಮುಖ್ಯ ಕಚೇರಿಗೆ ಮುಟ್ಟಿಸಬೇಕು. ಇಲ್ಲಿನ ಸೂಪರಿಂಟೆಂಡೆಂಟರು ಅವನ್ನು ಒಟ್ಟುಮಾಡಿ ವಿಶ್ವವಿದ್ಯಾಲಯಕ್ಕೆ ಕಳಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಮದ್ದೂರಿನ ಅಂಕಗಳು ಬಂದವು, ಮಳವಳ್ಳಿಯವು ಬರಲಿಲ್ಲ. ಅಂಕಗಳಷ್ಟೇ ಅಲ್ಲ, ಆ ಶಾಖೆಯಿಂದ ಬರಬೇಕಾದ ಯಾವ ಮಾಹಿತಿಯೂ ಕೆಲವು ವಾರಗಳಿಂದ ಬಂದಿರಲಿಲ್ಲ. ಅಲ್ಲಿ ಕಂಪ್ಯೂಟರ್ ಆಪರೇಟರ್ ಆಗಿದ್ದವಳು ಹಂಗಾಮಿ ನೌಕರಿಯ ಹುಡುಗಿ. ಅಲ್ಲಿನ ಶಾಖೆಯ ಮುಖ್ಯಸ್ಥರು ಕೇಳಿದರೆ ಎಲ್ಲ ಕಳಿಸಿದ್ದೇನೆ ಅಂದಳು. ಕೆಲಸದಲ್ಲಿ ನಿರ್ಲಕ್ಷ್ಯ ಮತ್ತು ಸುಳ್ಳು ಹೇಳಿಕೆ ಎಂದು ಅವಳಿಗೆ ನೋಟಿಸು ಹೋಯಿತು. ಸೋಮವಾರ ಮಂಡ್ಯಕ್ಕೆ ಬಂದು ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮುಂದೆ ವಿವರಣೆ ಕೊಡಬೇಕು, ಅದು ಒಪ್ಪಿಗೆಯಾಗದಿದ್ದರೆ ಮರುದಿನದಿಂದ ಬರಬೇಕಾಗಿಲ್ಲ.

ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. "ಸರ್ವರ್ನಲ್ಲಿ ಎಲ್ಲಾ ರೆಕಾರ್ಡ್ ಆಗಿರ್ತದಲ್ಲಮ್ಮ, ಅವ್ಳು ಕಳ್ಸಿಲ್ಲ ಅಂತ ಒಂದು ಪ್ರೂಫ್ ತಗ್ದು ಕೊಟ್ಬುಡು" ಅಂದರು. ಕಳಿಸಿದ್ದಾಳೋ ಇಲ್ಲವೋ ನೋಡು ಅನ್ನಲಿಲ್ಲ. ನನಗೂ ಆಗ ಅದರಲ್ಲಿ ತಪ್ಪು ಕಾಣಲಿಲ್ಲ. 'ಕಳಿಸಿದ್ದೇನೆ' ಅನ್ನುವುದು 'ಬಸ್ಸಲ್ಲಿದ್ದೀನಿ, ಬಂದೆ' ಅನ್ನುವಷ್ಟೇ ನಂಬಬಹುದಾದ ಮಾತು ಎಂಬುದು ನನ್ನ ಅನುಭವ. ಹಾಗಾಗಿ ಸರ್ವರನ್ನು ನೋಡುವುದಕ್ಕೂ ಮೊದಲು ಅವಳನ್ನೇ ನೋಡೋಣವೆಂದು ಹೊರಟೆ. ಸುಳ್ಳು ಹೇಳುವವರು ಫೋನಿನಲ್ಲಿ ಸಿಕ್ಕಿಬೀಳುವುದಿಲ್ಲ, ಎದುರಿಗೆ ಕೂರಿಸಿಕೊಂಡರೆ ಬೀಳುತ್ತಾರೆ.

ಮದ್ದೂರಿನಲ್ಲಿ ಬಸ್ ಬದಲಾಯಿಸಿ, ಸೀಟು ಸಿಗದೆ ನಿಂತುಕೊಂಡೇ ಮಳವಳ್ಳಿ ಮುಟ್ಟಿದೆ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಒಣಗಿದ ಮುಖ. ನಾನು ಬಾಯಿ ತೆರೆಯುವ ಮೊದಲೇ ಮೊಬೈಲ್ ತೆಗೆದು ಮುಂದೆ ಹಿಡಿದಳು.

"ಕಳ್ಸಿವ್ನಿ ನೋಡಿ ಮೇಡಂ. ಒಂದ್ಸಲ ಅಲ್ಲ, ಬರ್ಲಿಲ್ವಂತೆ ಅಂತ ಇಲ್ಲಿ ಸಾರ್ ಅಂದಾಗೆಲ್ಲ ಇನ್ನೊಂದ್ಸಲ ಕಳ್ಸಿವ್ನಿ."

ಕಳಿಸಿದ ಮೇಲ್‌ಗಳು ಸಾಲಾಗಿ ಇದ್ದವು. ಆದರೆ ನನ್ನ ಅನುಮಾನ ಕಡಿಮೆಯಾಗುವ ಬದಲು ಜಾಸ್ತಿಯಾಯಿತು. ಅವು ಸಂಸ್ಥೆಯ ಅಕೌಂಟಿನಿಂದ ಹೋಗಿರಲಿಲ್ಲ, ಅವಳ ಸ್ವಂತ ಮೊಬೈಲಿನ ಪುಕ್ಕಟೆ ಅಕೌಂಟಿನಿಂದ ಹೋಗಿದ್ದವು. ಮೇಲ್ ಒಳಗೆ ಒಂದಕ್ಷರವೂ ಇಲ್ಲ. ಕಾಗದವೊಂದರ ಫೋಟೊ ಮಾತ್ರ ಲಗತ್ತಿಸಿದೆ. ಮೋಸಗಾರರು ಕಳಿಸುವ ಮೇಲ್‌ಗಳು ಇರುವುದೂ ಹೀಗೇ. ಏನಮ್ಮ ಇದೆಲ್ಲ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

"ಆಪೀಸಿನ್ ಪಾಸ್ವರ್ಡು ಇಲ್ಲಿ ಸಾರ್ ಅತ್ರ ಅದೆ. ನಂಗೆ ಕೊಟ್ರೆ ಏನಾರ ಮಾಡ್ಬುಟ್ಟೇನು ಅಂತ ಕೊಟ್ಟಿಲ್ಲ. ಅದ್ಕೇ ನನ್ ಫೋನಿಂದ ಕಳ್ಸೋದು. ಇನ್ನು ಬರಿ ಟೈಪ್ ಮಾಡಿ ಕಳ್ಸುದ್ರೆ ನಿಮ್ ಮಂಡ್ಯದೋರು ಒಪ್ಪಲ್ಲ ಮೇಡಂ. ಸೀಲು ಸೈನು ಎಲ್ಲಿ ಅಂತಾರೆ. ಅದ್ಕೆ ಪ್ರಿಂಟ್ ತಗ್ದು, ಸೈನ್ ಮಾಡ್ಸಿ, ಸೀಲ್ ಒತ್ತಿ, ಫೋಟೊ ಒಡ್ದು ಕಳ್ಸ್ತೀನಿ."

ಅದು ನಿಜ. ನಮ್ಮ ಕಡೆ ಸೀಲು ಬೀಳದ ಕಾಗದ ಕಾಗದವೇ ಅಲ್ಲ. ಬಸ್ ನಿಲ್ದಾಣದವರೆಗೆ ಜೊತೆಯಲ್ಲೇ ಬಂದಳು. ದಾರಿಯಲ್ಲಿ, ನಾನು ಕೇಳದಿದ್ದರೂ, "ನಮ್ಮನೇಲಿ ಎಲ್ರೂ ಕಬ್ಬಿನ ಕೆಲ್ಸಕ್ಕೇ ಓಗೋರು ಮೇಡಂ. ಕುರ್ಚಿ ಮ್ಯಾಲೆ ಕೂತು ಕೆಲ್ಸ ಮಾಡ್ತಿರೋಳು ನಾನೊಬ್ಳೇಯ. ಕೆಲ್ಸ ಓದ್ರೆ ಓಗ್ಲಿ, ಸುಳ್ಳಿ ಅಂತ ಕಳ್ಸುದ್ರೆ ಊರಲ್ಲಿ ಎಂಗೆ ತಲೆ ಎತ್ಲಿ?" ಅಂದಳು. ಇದು ನನ್ನನ್ನು ಕರಗಿಸಲು ಹೂಡಿದ ಆಟವಿರಬಹುದೇ ಎಂದು ಮದ್ದೂರಿನವರೆಗೂ ಯೋಚಿಸಿದೆ.

ಮಂಡ್ಯಕ್ಕೆ ಬಂದು ಸರ್ವರಿನ ದಾಖಲೆ ತೆಗೆದೆ. ಅವಳ ಮೇಲ್‌ಗಳು ಎಲ್ಲವೂ ನಮ್ಮ ಬಾಗಿಲಿಗೆ ಬಂದಿದ್ದವು. ಅವಳು ಹೇಳಿದ ದಿನ, ಹೇಳಿದ ಹೊತ್ತು. ಒಂದೂ ಒಳಗೆ ಹೋಗಿರಲಿಲ್ಲ. ಫಿಲ್ಟರ್ ಎಲ್ಲವನ್ನೂ ಹಿಡಿದು ಕೂಡಿಹಾಕಿತ್ತು. ಹುಡುಗಿಯ ಮೇಲಿದ್ದ ಅನುಮಾನ ಆ ಕ್ಷಣಕ್ಕೆ ಇಳಿದುಹೋಯಿತು. ಆದರೆ ಇಳಿದ ಅನುಮಾನ ನೆಲಕ್ಕೆ ಬೀಳುವ ಜಾತಿಯದಲ್ಲ, ಇನ್ನೊಬ್ಬರ ಹೆಗಲು ಹುಡುಕುತ್ತದೆ.

ಫಿಲ್ಟರ್ ಯಾವ ಕಾರಣಕ್ಕೆ ಎಷ್ಟು ಅಂಕ ಕೊಟ್ಟಿದೆ ಎಂಬುದನ್ನು ಬಿಡಿಸಿ ನೋಡಬಹುದು. ಬರಹವಿಲ್ಲದ ಮೇಲ್ ಎಂದು ಚೂರು, ಬರೀ ಫೋಟೊ ಎಂದು ಇನ್ನೊಂದು ಚೂರು. ಅಷ್ಟಕ್ಕೇ ಮಿತಿ ದಾಟುವುದಿಲ್ಲ. ದೊಡ್ಡ ಅಂಕ ಬಂದಿದ್ದು ಕಲಿಕೆಯಿಂದ. ಸರ್ವರ್ ಕೂರಿಸಿಕೊಟ್ಟವರು ಫಿಲ್ಟರಿಗೆ ಕಲಿಯುವುದನ್ನೂ ಹೇಳಿಕೊಟ್ಟಿದ್ದರು. ಸಂಸ್ಥೆಯವರು ಯಾವ ಮೇಲ್ ಮೇಲೆ 'ಸ್ಪ್ಯಾಮ್' ಗುಂಡಿ ಒತ್ತುತ್ತಾರೋ ಅಂಥದ್ದು ಕೆಟ್ಟದ್ದು ಎಂದು ಅದು ತಿಳಿದುಕೊಳ್ಳುತ್ತದೆ. ಒಬ್ಬರು ಮತ್ತೆ ಮತ್ತೆ ಒತ್ತಿದರೂ ಸಾಕು, ಎಲ್ಲರ ಪಾಲಿಗೂ ಅದು ಕೆಟ್ಟದ್ದಾಗುತ್ತದೆ. ಅಂದರೆ ಯಾರೋ ಕೂತು ಇದಕ್ಕೆ ಪಾಠ ಹೇಳಿಕೊಟ್ಟಿದ್ದಾರೆ.

ಅವಳ ವಿಳಾಸ ಹಾಕಿ ಎಲ್ಲರ ಸ್ಪ್ಯಾಮ್ ಪೆಟ್ಟಿಗೆಗಳನ್ನೂ ಹುಡುಕಿದೆ. ಸಿಕ್ಕಿದ್ದು ಒಂದೇ ಕಡೆ, ಸೂಪರಿಂಟೆಂಡೆಂಟರಲ್ಲಿ. ಮೊದಮೊದಲು ತಡೆಯಿಲ್ಲದೆ ಮುಟ್ಟಿದ್ದ ಮಳವಳ್ಳಿಯ ಮೇಲ್‌ಗಳೆಲ್ಲ ಅಲ್ಲಿದ್ದವು. ಪ್ರತಿಯೊಂದನ್ನೂ ತೆರೆದು ಓದಿ, ಆಮೇಲೆ ಸ್ಪ್ಯಾಮ್ ಎಂದು ಒತ್ತಿದ್ದರು. ಹಾಗಾದರೆ ಮದ್ದೂರಿನವು? ಹುಡುಕಿದರೆ ಮದ್ದೂರಿನಿಂದ ಅವರಿಗೆ ಮೇಲೇ ಇಲ್ಲ. ಅಲ್ಲಿಯ ಆಪರೇಟರ್ ಮಂಡ್ಯದವನು, ಕಾಗದಗಳನ್ನು ಕೈಯಲ್ಲೇ ತಂದುಕೊಟ್ಟು ಹೋಗುತ್ತಾನೆ. ಸೂಪರಿಂಟೆಂಡೆಂಟರಿಗೆ ದೂರದ ನೆಂಟನೂ ಹೌದಂತೆ.

ನನ್ನ ಮೈ ಉರಿದುಹೋಯಿತು. ಸೂಪರಿಂಟೆಂಡೆಂಟರದು ಗದ್ದೆ ತೆಂಗು ಇರುವ ಗೌಡರ ಮನೆ. ನಮ್ಮದೂ ಅದೇ ಜನ, ಹಾಗಾಗಿ ನಮ್ಮವರು ಊಟದ ಹೊತ್ತಿನಲ್ಲಿ ಯಾರ ಬಗ್ಗೆ ಏನು ಮಾತಾಡುತ್ತಾರೆ ಎಂಬುದು ನನಗೆ ಗೊತ್ತು. ಆ ಹುಡುಗಿಯ ಮೊಬೈಲ್ ತೆರೆದರೆ ಬುದ್ಧನ ಚಿತ್ರ ಬರುತ್ತದೆ, ಯಾವ ಕೇರಿಯವಳೆಂದು ಬೇರೆ ಹೇಳಬೇಕಿಲ್ಲ. ಎರಡಕ್ಕೆರಡು ಕೂಡಿಸುವುದು ನನಗೆ ಕಷ್ಟವೇ? ಓದಿ ಓದಿ ಒತ್ತಿದ್ದಾರೆ, ಬೇಕೆಂದೇ ಒತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಕೂಡಿಹಾಕಿದ್ದ ಮೇಲ್‌ಗಳನ್ನು ಬಿಡಿಸಿದೆ. ಅಂಕಗಳ ಹಾಳೆಗಳು ಸೀಲು ಸಹಿ ಸಮೇತ ಹೊರಬಂದವು. ವಿಶ್ವವಿದ್ಯಾಲಯದ ಗಡುವು ಇನ್ನೂ ಮುಗಿದಿರಲಿಲ್ಲ. ಅವಳ ಮೇಲ್‌ಗಳನ್ನೆಲ್ಲ ಒಳ್ಳೆಯವು ಎಂದು ಫಿಲ್ಟರಿಗೆ ಮತ್ತೆ ಓದಿಸಿದೆ. ಸೋಮವಾರದವರೆಗೆ ಯಾರಿಗೂ ಒಂದು ಮಾತು ಹೇಳಲಿಲ್ಲ. ಹೇಳಿದರೆ ಆ ಮನುಷ್ಯ ಪೆಟ್ಟಿಗೆ ಖಾಲಿ ಮಾಡಿಬಿಟ್ಟಾನು ಎಂಬ ಭಯ.

ಸೋಮವಾರ ಕಾರ್ಯದರ್ಶಿಗಳ ಕೋಣೆಯಲ್ಲಿ ನಾವು ನಾಲ್ಕೇ ಜನ. ಹುಡುಗಿ ತನ್ನಷ್ಟಕ್ಕೆ ಗೋಡೆಯ ಪಕ್ಕ ಇದ್ದಳು. ನಾನು ಲ್ಯಾಪ್‌ಟಾಪ್ ಬಿಚ್ಚಿ, ಮೇಲ್‌ಗಳು ಬಂದಿದ್ದನ್ನೂ ತಡೆಹಿಡಿದಿದ್ದನ್ನೂ ತೋರಿಸಿದೆ. ಆಮೇಲೆ ಸೂಪರಿಂಟೆಂಡೆಂಟರ ಕಡೆ ತಿರುಗಿ, "ಈ ಹುಡುಗಿ ಕಳಿಸಿದ್ದನ್ನೆಲ್ಲ ಓದಿ, ಸ್ಪ್ಯಾಮ್ ಅಂತ ಒತ್ತಿದ್ದೀರಲ್ಲ ಸಾರ್, ಯಾಕೆ?" ಎಂದು ಕೇಳಿದೆ. ತಡವರಿಸುತ್ತಾರೆ, ಬೆವರುತ್ತಾರೆ ಎಂದು ಕಾದೆ.

ಅವರು ತಡವರಿಸಲಿಲ್ಲ. "ಇನ್ನೇನ್ ಡಿಲೀಟ್ ಒತ್ಲಾ?" ಎಂದು ನನ್ನನ್ನೇ ಕೇಳಿದರು. "ಡಿಲೀಟ್ ಒತ್ತುದ್ರೆ ದಾಕ್ಲೆ ನಾಸ ಮಾಡ್ದಂಗೆ ಕಣಮ್ಮ. ನಾಳೆ ಆಡಿಟ್ನೋರು ಬಂದು ಕೇಳುದ್ರೆ ನಿಮ್ಮಪ್ಪ ಏಳ್ತಾನಾ? ಪ್ರಿಂಟ್ ತಗಂಡು ಪೈಲಿಗೆ ಆಕುದ್ಮೇಲೆ ಆ ಕಡೀಕ್ ತಳ್ಬುಡ್ತೀನಿ. ಅಲ್ಲಿ ಭದ್ರವಾಗಿರ್ತದೆ, ಇಲ್ಲಿ ಜಾಗವೂ ಖಾಲಿಯಾಯ್ತದೆ."

ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು ಇಡೀ ಪೆಟ್ಟಿಗೆ ತೆರೆದು ತೋರಿಸಿದರು. ಮಳವಳ್ಳಿಯದೊಂದನ್ನೇ ಹುಡುಕಿದ್ದ ನಾನು ಮಿಕ್ಕದ್ದನ್ನು ನೋಡಿರಲಿಲ್ಲ. ವಿಶ್ವವಿದ್ಯಾಲಯದ ಸುತ್ತೋಲೆಗಳು, ಪ್ರಾಂಶುಪಾಲರ ಆದೇಶಗಳು, ಕಾರ್ಯದರ್ಶಿಗಳೇ ಕಳಿಸಿದ್ದ ಸಂಕ್ರಾಂತಿಯ ಶುಭಾಶಯ, ಎಲ್ಲವೂ ಅಲ್ಲೇ ಇದ್ದವು. ವಿಶ್ವವಿದ್ಯಾಲಯದ ವಿಳಾಸ ಫಿಲ್ಟರಿನ ನಂಬಿಕಸ್ಥರ ಪಟ್ಟಿಯಲ್ಲಿತ್ತು, ಮಿಕ್ಕವು ನಮ್ಮ ಸರ್ವರಿನ ಒಳಗೇ ಓಡಾಡುವಂಥವು. ಆ ಎರಡನ್ನೂ ಫಿಲ್ಟರ್ ಮುಟ್ಟುವುದಿಲ್ಲ. ಹೊರಗಿನಿಂದ ಬಂದು ಅದರ ಕೈಗೆ ಸಿಕ್ಕಿದ್ದು ಮಳವಳ್ಳಿ ಒಂದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಗಿತ್ತು. ತಡೆಹಿಡಿದ ಮೇಲ್‌ಗಳ ಪಟ್ಟಿಯನ್ನು ಸರ್ವರ್ ದಿನಾ ನಿಮಗೆ ಕಳಿಸುತ್ತಿತ್ತಲ್ಲ ಸಾರ್ ಎಂದರೆ, "ಅದ್ಕೆ ಸೈನೇ ಇರ್ನಿಲ್ಲ, ಯಾವನ್ ಬರ್ದಿದ್ದು ಅಂತ ಓದ್ಲಿ? ಅದ್ನೂ ಅಲ್ಲಿಗೇ ತಳ್ಳಿವ್ನಿ" ಅಂದರು.

ಕಾರ್ಯದರ್ಶಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ನನ್ ಸಂಕ್ರಾಂತೀನೂ ಕಸಕ್ಕೆ ಆಕ್ಬುಟ್ಯಲ್ಲಯ್ಯ!" ಸೂಪರಿಂಟೆಂಡೆಂಟರೂ ನಕ್ಕರು. ಕೋಪ ಮಾಡಿಕೊಂಡು ಬಂದಿದ್ದ ನನಗೂ ತಡೆಯಲಾಗದೆ ನಗು ಬಂತು.

ಹುಡುಗಿ ನಗಲಿಲ್ಲ. "ಮದ್ದೂರಿಂದು ಒಂದ್ಸಲ ಲೇಟಾದಾಗ ಯಾಕ್ಲಾ ಬರ್ನಿಲ್ಲ ಅಂತ ಅವ್ರಿಗೆ ಪೋನ್ ಮಾಡಿದ್ರಂತೆ ಸಾ. ನಂಗೆ ಮಂಡ್ಯದಿಂದ ಒಂದ್ ಪೋನೂ ಬರ್ನಿಲ್ಲ, ನೇರ ನೋಟಿಸೇ ಯಾಕೆ ಬಂತು?" ಅಂದಳು.

ಸೂಪರಿಂಟೆಂಡೆಂಟರು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು. ಗುಂಡಿ ಒತ್ತಿದ್ದರಲ್ಲಿ ದುರುದ್ದೇಶ ಇರಲಿಲ್ಲ ಎಂಬುದನ್ನು ನಾನು ಒಪ್ಪಿಕೊಂಡಿದ್ದೆ. ಫೋನ್ ಮಾಡದೆ ಹೋದದ್ದರ ಬಗ್ಗೆ ನನ್ನ ಅನುಮಾನ ಇವತ್ತಿಗೂ ಹೋಗಿಲ್ಲ. ಅದನ್ನು ಬಿಡಿಸಿ ನೋಡಲು ಯಾವ ಸರ್ವರಿನಲ್ಲೂ ದಾಖಲೆ ಸಿಗುವುದಿಲ್ಲ.

"ಆಯ್ತು ಬುಡಮ್ಮ, ನೋಟಿಸ್ ವಾಪಸ್ ತಗಂಡ್ವಿ ಅನ್ಕೊ. ಓಗಿ ಕೆಲ್ಸ ನೋಡ್ಕೊ" ಎಂದರು ಕಾರ್ಯದರ್ಶಿಗಳು.

ಅವಳು ಕದಲಲಿಲ್ಲ. "ನೋಟಿಸು ಪೇಪರ್ನಲ್ಲಿ ಬಂದಿತ್ತು ಸಾ. ಸೀಲು ಸೈನು ಎಲ್ಲಾ ಇತ್ತು. ವಾಪಸ್ ತಗಂಡಿದ್ದೂ ಅಂಗೇ ಕೊಡಿ."

"ಮೇಲ್ ಮಾಡುಸ್ತೀನಿ ಕಣಮ್ಮ."

"ಬ್ಯಾಡಿ ಸಾ. ಪೇಪರ್ನಲ್ಲೇ ಕೊಡಿ, ಕಾಯ್ತೀನಿ."

ಸೂಪರಿಂಟೆಂಡೆಂಟರೇ ಕೂತು ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದರು. ಕಾರ್ಯದರ್ಶಿಗಳು ಸಹಿ ಹಾಕುವ ಮೊದಲು ಅವಳು ಅದನ್ನು ಓದಲು ಕೇಳಿದಳು. 'ಸದರಿ ನೌಕರರ ಮೇಲಿನ ಆರೋಪ ಸಾಬೀತಾಗಿರುವುದಿಲ್ಲ' ಎಂದಿತ್ತು. ನಮ್ಮ ಕಚೇರಿಗಳಲ್ಲಿ ಇಂಥ ಕಾಗದಗಳನ್ನು ಬರೆಯುವ ರೀತಿಯೇ ಅದು.

"ಸಾಬೀತಾಗಿಲ್ಲ ಅಂತ ಬ್ಯಾಡಿ ಸಾ. ಆರೋಪ ಸುಳ್ಳು ಅಂತ ಬರೀರಿ."

ಸೂಪರಿಂಟೆಂಡೆಂಟರು ಕಾರ್ಯದರ್ಶಿಗಳ ಮುಖ ನೋಡಿದರು. ಕಾರ್ಯದರ್ಶಿಗಳು ನನ್ನ ಮುಖ ನೋಡಿದರು. ಪ್ರೂಫ್ ತಂದುಕೊಡು ಎಂದು ಕಳಿಸಿದ್ದು ನನ್ನನ್ನೇ ತಾನೇ.

"ಸುಳ್ಳೇ ಸಾರ್" ಅಂದೆ.

ಸೂಪರಿಂಟೆಂಡೆಂಟರು ಇನ್ನೊಂದು ಹಾಳೆ ಹಾಕಿ ಮತ್ತೆ ಟೈಪ್ ಮಾಡಿದರು. ಸಹಿ ಆಯಿತು, ಸೀಲು ಬಿತ್ತು. ಅವಳು ಮೊದಲಿನಿಂದ ಕೊನೆಯವರೆಗೆ ಓದಿ, ಪಕ್ಕದಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತಳು. ಬೆಳಗಿನಿಂದ ಅವಳಿಗೆ ನಮ್ಮಲ್ಲಿ ಯಾರೂ ಕೂತುಕೋ ಅಂದಿರಲಿಲ್ಲ.