ಪಕ್ಕದ ಹೊಲದ ಜರ್ಬೆರಾ

ಮೊನ್ನೆ ಸೋಮವಾರ ಬೆಳಿಗ್ಗೆ ಕುದೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಗೊಬ್ಬರದಂಗಡಿಯ ಮುಂದೆ ನಿಂತಿದ್ದೆ. ಒಳಗೆ ಯೂರಿಯಾ ಚೀಲವೊಂದು ಒಡೆದು ಒದ್ದೆ ನೆಲದ ಮೇಲೆ ಚೆಲ್ಲಿತ್ತು. ಮೂಗು ಸುಡುವ ಆ ವಾಸನೆಗೆ ಅಂಗಡಿ ಮರೆತುಹೋಯಿತು... ನಮ್ಮ ಪಕ್ಕದ ಹೊಲದ ಅಕ್ಕ ಕಣ್ಣ ಮುಂದೆ ಬಂದಳು, ಕೈಯಲ್ಲಿ ಯೂರಿಯಾ ಕರಗಿಸಿದ ನೀರಿನ ಬಕೆಟ್ಟು.

ಅಕ್ಕ ಎಂದರೆ ನೆಂಟಸ್ತಿಕೆಯೇನಲ್ಲ. ನಮ್ಮ ಹೊಲಕ್ಕೂ ಅವಳ ಹೊಲಕ್ಕೂ ನಡುವೆ ಒಂದು ಬದು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಮೈದುನನ ಸಂಸಾರದ ಜೊತೆಗಿದ್ದಳು. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ತನಗೆಂದು ಅವಳು ಕೇಳಿದ್ದು ಬಾವಿಯ ಪಕ್ಕದ ತುಂಡು ನೆಲ ಒಂದನ್ನೇ. ಅಲ್ಲಿ ನೆರಳು ಬಲೆಯ ಮನೆ ಕಟ್ಟಿಸಿ, ಲ್ಯಾಬಿನಲ್ಲಿ ಅಂಗಾಂಶ ಕೃಷಿಯಿಂದ ಬೆಳೆಸಿದ ಜರ್ಬೆರಾ ಹೂವಿನ ಸಸಿ ತಂದು ನೆಟ್ಟಳು. ಮೈದುನ ಒಂದು ಮಾತಿನ ಮೇಲೆ ಒಪ್ಪಿದ್ದ. ಗೌರಿ ಹಬ್ಬದೊಳಗೆ ಹೂವು ಕಾಣದಿದ್ದರೆ ಅದನ್ನು ಕಿತ್ತು ರೇಷ್ಮೆಗೆ ಹಿಪ್ಪುನೇರಳೆ ಹಾಕುವುದು.

ಸಸಿ ಕೊಟ್ಟ ಲ್ಯಾಬಿನವರು ಹೇಳಿದ್ದನ್ನು ನಾನೂ ಕೇಳಿದ್ದೇನೆ. ಶುರುವಿನಲ್ಲಿ ಯೂರಿಯಾದಲ್ಲಿರುವ ಸಾರಜನಕ ಬೇಕು, ಗಾಜಿನ ಬಾಟಲಿಯಿಂದ ಬಂದ ಎಳೆ ಗಿಡ ಅದರಿಂದಲೇ ಎಲೆ ಕಟ್ಟಿಕೊಳ್ಳುತ್ತದೆ. ಗಿಡ ತುಂಬಿಕೊಂಡ ಮೇಲೆ ಅದನ್ನು ಇಳಿಸಿ ಪೊಟ್ಯಾಷ್ ಏರಿಸಬೇಕು; ಇಲ್ಲವಾದರೆ ಗಿಡ ಎಲೆ ಬಿಡುತ್ತಲೇ ಇರುತ್ತದೆ, ಹೂವು ತಡವಾಗುತ್ತದೆ. ಅಕ್ಕ ತಲೆಯಾಡಿಸಿದ್ದಳು. ಆದರೆ ಬುದ್ಧಿ ಬಂದಾಗಿನಿಂದ ರೇಷ್ಮೆ ಹುಳಕ್ಕೆ ಸೊಪ್ಪು ಕೊಯ್ದ ಕೈ ಅದು. ನಮ್ಮ ಕಡೆ ಬೆಳೆ ಚೆನ್ನಾಗಿದೆ ಎಂದರೆ ಎಲೆ ಚೆನ್ನಾಗಿದೆ ಎಂದೇ. ಎಲೆಯ ಬಣ್ಣ ಸ್ವಲ್ಪ ತಿಳಿಯಾದರೂ ಗಿಡ ಹಸಿದಂತೆ ಅವಳಿಗೆ ಕಾಣುತ್ತಿತ್ತು. ಮತ್ತೆ ಯೂರಿಯಾ ನೀರು.

ಗಿಡಗಳು ಕಪ್ಪು ಹಸಿರಾಗಿ, ಅಗಲ ಎಲೆ ಬಿಟ್ಟು ಮಡಿಯನ್ನೇ ಮುಚ್ಚಿದವು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ನಮ್ ಹುಳದ್ ಮನೆಗೂ ಎರಡು ಹೊರೆ ಸೊಪ್ಪು ಕೊಡಕ್ಕ," ಎಂದು ನಾನೇ ರೇಗಿಸಿದ್ದುಂಟು.

"ಮುಟ್ಟಿ ನೋಡು, ಕಣ್ ಹಾಕ್ಬೇಡ ಕಣ್ಲಾ," ಎಂದು ನಗುತ್ತಿದ್ದಳು.

ಮೈದುನ ಮಾತ್ರ ಬದುವಿನ ಮೇಲಿಂದಲೇ ಕೇಳುತ್ತಿದ್ದ: "ಅತ್ಗೆ, ಸೊಪ್ಪೇನೋ ಐತೆ. ಹೂವ ಎಲ್ಲೈತೆ?"

ಲ್ಯಾಬಿನವರು ಇನ್ನೊಮ್ಮೆ ಬಂದು ಗದರಿದ ಮೇಲೆ ಯೂರಿಯಾ ನಿಲ್ಲಿಸಿದಳು. ಅಷ್ಟರಲ್ಲಿ ಹಬ್ಬ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಅವಳು ಬಲೆಯೊಳಗೆ ಒಬ್ಬಳೇ ಗೋಣಿ ಹಾಸಿಕೊಂಡು ಕೂತಿರುತ್ತಿದ್ದಳು... ಊಟಕ್ಕೆ ಕರೆದರೆ ಕೇಳಿಸುತ್ತಿರಲಿಲ್ಲ.

ಹಬ್ಬ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಗಿಡ ಕೀಳಲು ಆಳುಗಳು ಬಂದರು. ನಾನು ಬಲೆಮನೆಯ ಬಾಗಿಲಿನ ಎಡಕ್ಕೆ, ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದೆ. ಕೀಳಿ ಎಂದವಳು ಅಕ್ಕನೇ, ಮಾತು ಕೊಟ್ಟಿದ್ದಳು. ಕೊನೆಯ ಮಡಿಯಲ್ಲಿ ಕೀಳುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು.

"ಅಕ್ಕಯ್ಯ, ಬುಡ್ದಲ್ಲಿ ಇದೇನು ನೋಡು."

ಎಲೆಯ ತೊಟ್ಟುಗಳ ನಡುವೆ, ಮಣ್ಣಿಗೆ ಹತ್ತಿಕೊಂಡಂತೆ, ಬಟಾಣಿ ಗಾತ್ರದ ಮೊಗ್ಗು.

ಅಕ್ಕ ಹೊರಗೆ ಬಂದು, ಆಳುಗಳು ಕಿತ್ತು ಹಾಕಿದ್ದ ಗುಡ್ಡೆಯ ಮುಂದೆ ಕೂತು ಒಂದೊಂದೇ ಗಿಡದ ಎಲೆ ಬಿಡಿಸಿದಳು. ಇದರಲ್ಲೂ ಇತ್ತು. ಅದರಲ್ಲೂ. ಬೇರುಗಳು ಆಗಲೇ ಬಿಸಿಲಿಗೆ ಬಾಡಿದ್ದವು. ಅಲ್ಲೇ ನಿಂತಿದ್ದ ಮೈದುನ ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅತ್ಗೆ, ಉಳ್ದಿರೋವ ಬುಟ್ಬುಡಾಣ್ವಾ?" ಎಂದ, ಮೆಲ್ಲಗೆ.

"ನಾಕು ಗಿಡ ಇಟ್ಕೊಂಡು ಏನ್ ಮಾಡ್ಲಪ್ಪ. ಸೊಪ್ಪು ಸವರ್ಕೊಂಡೇ ಕೂತ್ಬುಟ್ಟೆ. ಒಸಿ ಬಗ್ಗಿ ನೋಡ್ನಿಲ್ಲ."

ಉಳಿದವನ್ನು ತಾನೇ ಕಿತ್ತಳು.

ಈಗ ಆ ಜಾಗದಲ್ಲಿ ಹಿಪ್ಪುನೇರಳೆ ಎದೆಮಟ್ಟಕ್ಕಿದೆ. ಅಕ್ಕ ಆಮೇಲೆ ಆ ಮನೆಯಲ್ಲಿ ಏನನ್ನೂ ಕೇಳಲಿಲ್ಲ. ಹೋದ ವರ್ಷ ತೀರಿಕೊಂಡಳು. ಮೈದುನ ಅವಳಿಗಿಂತ ಮೊದಲೇ ಹೋದ. ಆ ಮೊಗ್ಗುಗಳನ್ನು ಕಣ್ಣಾರೆ ಕಂಡವರಲ್ಲಿ ಬದುಕಿರುವವರು ಇಬ್ಬರು: ಬೈರಮಂಗಲದಲ್ಲಿ ಮಗಳ ಮನೆ ಸೇರಿರುವ, ಗಿಡ ಕಿತ್ತ ಆ ಹೆಂಗಸು, ಮತ್ತೆ ನಾನು.